ಸೌಟಮ್ಮನ ಕಹಿ ಉಂಡೆ

ಸೌಟಮ್ಮನ ಮುತ್ತಜ್ಜಿಯನ್ನು ಜನ ಹಂಡೆಯಜ್ಜಿ ಎನ್ನುತ್ತಿದ್ದರು. ಹೊಳೆ ಉಕ್ಕಿ ಮನೆಗಳಿಗೆ ನುಗ್ಗಿದ ವರ್ಷ ಎಲ್ಲರೂ ಪೆಟ್ಟಿಗೆ, ಹಾಸಿಗೆ, ಕೋಳಿ ಎಂದು ಕೈಗೆ ಸಿಕ್ಕಿದ್ದನ್ನು ಹೊತ್ತು ಓಡಿದರು. ಆ ಹೆಂಗಸು ಮಾತ್ರ ಅಡುಗೆಯ ದೊಡ್ಡ ಹಂಡೆಯನ್ನು ನೀರಿಗಿಳಿಸಿ, ತನ್ನ ಮಕ್ಕಳನ್ನೂ ನೆರೆಮನೆಯ ಕೂಸನ್ನೂ ಅದರೊಳಗೆ ಕೂರಿಸಿ, ಎದೆಮಟ್ಟದ ನೀರಿನಲ್ಲಿ ತಳ್ಳಿಕೊಂಡು ದಿಬ್ಬ ಸೇರಿದಳು. ಅಲ್ಲಿ ಮಕ್ಕಳನ್ನು ಇಳಿಸಿದವಳೇ ಅದೇ ಹಂಡೆಯನ್ನು ಕಲ್ಲುಗಳ ಮೇಲೇರಿಸಿ, ಒದ್ದೆ ಕಟ್ಟಿಗೆಯನ್ನು ಊದಿ ಊದಿ ಹೊತ್ತಿಸಿ, ದಿಬ್ಬದ ಮೇಲಿದ್ದವರಿಗೆಲ್ಲ ಗಂಜಿ ಕಾಯಿಸಿದಳು.

ಆಕೆಯ ಮಗಳು ಗೇಟಜ್ಜಿ. ಹಗ್ಗದ ಕಾರ್ಖಾನೆಯವರು ಗೇಟಿಗೆ ಬೀಗ ಜಡಿದು ಕೆಲಸಗಾರರನ್ನು ಬೀದಿಗೆ ಬಿಟ್ಟಾಗ, ತಾಯಿಯ ಹಂಡೆಯನ್ನೂ ಒಲೆಯನ್ನೂ ತಂದು ಗೇಟಿನೆದುರು ಹೂಡಿದವಳು. ಒಳಗಿನ ಕಾವಲುಗಾರರಿಗೂ ಹೊರಗಿನ ಕೆಲಸಗಾರರಿಗೂ ಒಂದೇ ಸೌಟಿನಲ್ಲಿ ಬಡಿಸಿದಳು. ಕೊನೆಗೆ ಸಾಹೇಬರೇ ತಟ್ಟೆ ಹಿಡಿದು ಬಂದು ನಿಂತರಂತೆ, ಉಂಡ ಬಾಯಲ್ಲಿ ಜಗಳ ಆಡಲಾಗದೆ ಬೀಗ ತೆಗೆಸಿದರಂತೆ. ಇದರಲ್ಲಿ ನಿಜವೆಷ್ಟು, ಒಗ್ಗರಣೆಯೆಷ್ಟು ಎಂದು ಕೇಳಬಾರದು. ಗೇಟಜ್ಜಿಯ ಮಗಳು ಮೂಗಮ್ಮ, ಅಂದರೆ ಸೌಟಮ್ಮನ ತಾಯಿ. ಹಂಡೆಯ ಆವಿಗೆ ಮೂಗೊಡ್ಡಿ, ನಾಲಿಗೆಗೆ ಹಾಕಿಕೊಳ್ಳದೆಯೇ, ಉಪ್ಪು ಕಮ್ಮಿಯೋ ಹೆಚ್ಚೋ ಹೇಳುತ್ತಿದ್ದಳು. ಇನ್ನು ಆ ಮನೆತನದ ಗಂಡಸರು ಏನು ಸಾಧಿಸಿದರು ಎಂದು ಯಾರಾದರೂ ಕೆಣಕಿದರೆ ಸೌಟಮ್ಮ, "ಉಂಡ್ರು, ತೇಗಿದ್ರು, ಒಳ್ಳೆಯವರಾಗಿದ್ರು. ಇನ್ನೇನು ಬೇಕಿತ್ತು?" ಎನ್ನುತ್ತಿದ್ದಳು.

ಹಂಡೆಯಜ್ಜಿಯ ಆ ಹಂಡೆ ಈಗಲೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ, ನಡುವಿನ ಒಲೆಯ ಮೇಲೆ ಕೂತಿದೆ. ಅದರ ಮುಂದೆ ನಿಲ್ಲುವುದೆಂದರೆ ಅಲ್ಲಿನ ಅಡುಗೆಯವಳಾದ ಸೌಟಮ್ಮನ ಪಾಲಿಗೆ ಪಟ್ಟಕ್ಕೇರಿದ ಹಾಗೆ. ಕೈಯಲ್ಲಿದ್ದ ಕಬ್ಬಿಣದ ಸೌಟು ತಾಯಿಯದು. ತಳ ಕೆರೆದು ಕೆರೆದು ಅದರ ಬಾಯಿ ಒಂದು ಪಕ್ಕಕ್ಕೆ ಸವೆದು ವಾರೆಯಾಗಿತ್ತು. ಬೇರೆಯವರ ಕೈಯಲ್ಲಿ ಅದು ಚೆಲ್ಲುತ್ತಿತ್ತು, ಅವಳ ಕೈಯಲ್ಲಿ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಅವಳ ಲೆಕ್ಕಾಚಾರ ಒಂದೇ. ಪಾತ್ರೆ ಬರಿದಾಗಬೇಕು. ಊಟ ಮುಗಿದ ಮೇಲೆ ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ನಿಂತು ತಟ್ಟೆಗಳನ್ನು ನೋಡುತ್ತಿದ್ದಳು. ಯಾರದಾದರೂ ತಟ್ಟೆಯಲ್ಲಿ ತುತ್ತು ಉಳಿದಿದ್ದರೆ, "ಯಾಕಪ್ಪಾ, ಹೆಂಡತಿ ಮೇಲಿನ ಸಿಟ್ಟು ನನ್ನ ಅನ್ನದ ಮೇಲಾ?" ಎಂದು ನಾಲ್ಕು ಜನರ ಮುಂದೆಯೇ ನೀರಿಳಿಸುತ್ತಿದ್ದಳು. ಆ ಮಾತಿಗೆ ಹೆದರಿಯೋ, ರುಚಿಗೆ ಸೋತೋ, ತಟ್ಟೆಗಳು ಕನ್ನಡಿಯಂತೆ ವಾಪಸಾಗುತ್ತಿದ್ದವು.

ಇಂಥವಳ ಹತ್ತಿರ ಒಂದು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಬಂದಳು. ವಯಸ್ಸಿನಲ್ಲಿ ಸೌಟಮ್ಮನ ಮಗಳ ಓರಗೆಯವಳು. ಕಾರ್ಖಾನೆಯ ಹಿಂದಿನ ಸಾಲುಮನೆಗಳಲ್ಲಿ ಬಾಣಂತಿಯರನ್ನೂ ಕೂಸುಗಳನ್ನೂ ನೋಡುವುದು ಅವಳ ಕೆಲಸ. ಸೌಟಮ್ಮನ ಮಗಳೂ ಅಲ್ಲಿನ ಬಾಣಂತಿಯರಲ್ಲಿ ಒಬ್ಬಳು. ತಾಯಂದಿರ ತೋಳಿಗೆ ಪಟ್ಟಿ ಸುತ್ತಿ ಅಳೆಯುತ್ತಿದ್ದಳು. ಅಳತೆ ಪಟ್ಟಿಯ ಕೆಂಪು ಬಣ್ಣದಲ್ಲಿ ನಿಂತರೆ ಆ ತಾಯಿ ಸೊರಗಿದ್ದಾಳೆಂದು ಅರ್ಥ, ಹಸಿರಿಗೆ ಬಂದರೆ ಚೇತರಿಸಿಕೊಂಡಳೆಂದು.

"ಹಾಲು ಬರ್ತಾ ಇದೆ ಸೌಟಮ್ಮ, ಅದಕ್ಕೇನೂ ಕೊರತೆ ಇಲ್ಲ," ಎಂದಳು ನರ್ಸಮ್ಮ. "ಎಲ್ಲಿಂದ ಬರ್ತಾ ಇದೆ ಹೇಳಿ? ಆ ಹುಡುಗೀರ ಮೈ ಕರಗಿಸ್ಕೊಂಡು ಬರ್ತಾ ಇದೆ. ಕೂಸು ತನಗೆ ಬೇಕಾದ್ದನ್ನ ಎಳ್ಕೊಳ್ಳುತ್ತೆ. ತಾಯಿಗೆ ವಾಪಸ್ ತುಂಬೋರು ಯಾರು?"

ತಾಯಂದಿರಿಗೆಂದೇ ಕೇಂದ್ರದಿಂದ ಪೌಷ್ಟಿಕ ಪುಡಿಯ ಪೊಟ್ಟಣ ಕೊಡುತ್ತಿದ್ದರು. ಅದನ್ನು ಯಾರೂ ತಿನ್ನುತ್ತಿರಲಿಲ್ಲ. ಒಬ್ಬಳು ಕೋಳಿಗೆ ಹಾಕುತ್ತಿದ್ದಳು. ಇನ್ನೊಬ್ಬಳು ಅಲುಗಾಡುವ ಮಂಚದ ಕಾಲಿಗೆ ಪೊಟ್ಟಣವನ್ನೇ ಆನಿಸಿದ್ದಳು. ಸೌಟಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಇದನ್ನ ಮಾಡಿದವರಿಗೆ ನಾಲಿಗೆ ಇಲ್ವಾ?"

"ಅದರಲ್ಲಿ ಶಕ್ತಿ ಇದೆ."

"ಶಕ್ತಿ ಗೋಣಿಚೀಲದಲ್ಲೂ ಇದೆ. ತಿನ್ನೋಕಾಗುತ್ತಾ?"

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಆದ್ರೆ ಒಂದು ಮಾತು, ಪುಡೀನ ಬೆಂಕಿ ಮೇಲೆ ಇಡಬಾರದು. ಅದರೊಳಗಿನ ಸತ್ವ ಹೋಗುತ್ತೆ."

ಸೌಟಮ್ಮ ಸೆರಗು ಸಿಕ್ಕಿಸಿದಳು. ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ತೂರಿ, ಎಣ್ಣೆ ಬಿಡುವ ತನಕ ಕುಟ್ಟಿದಳು. ಬೆಲ್ಲದ ಪಾಕ ಕಾಯಿಸಿ, ಒಲೆಯಿಂದಿಳಿಸಿ, ಬೆರಳು ತಾಳುವಷ್ಟು ಆರುವ ತನಕ ಕಾದಳು. ಆಮೇಲೆ ಪುಡಿ ಬೆರೆಸಿದಳು. ಮುಷ್ಟಿ ಗಾತ್ರದ ಉಂಡೆ ಕಟ್ಟಿ ನರ್ಸಮ್ಮನ ಕೈಗೆ ಒಂದು ಕೊಟ್ಟಳು. ನರ್ಸಮ್ಮ ಎರಡನೆಯದಕ್ಕೂ ಕೈ ಚಾಚಿದ್ದು ಕಂಡು, "ನಿಮಗೆ ಕೂಸಿಲ್ಲ, ಹೋಗಿ ಹೋಗಿ," ಎಂದು ಬುಟ್ಟಿಯನ್ನು ಹಿಂದಕ್ಕೆಳೆದಳು.

ಸಾಲುಮನೆಗಳಲ್ಲಿ ಸಂಭ್ರಮವೋ ಸಂಭ್ರಮ. ಉಂಡೆ ತುಂಬಿದ ಡಬ್ಬಿಗಳು ಹೋಗುತ್ತಿದ್ದವು, ನೆಕ್ಕಿದಷ್ಟು ಚೊಕ್ಕಟವಾಗಿ ವಾಪಸಾಗುತ್ತಿದ್ದವು. ಸೌಟಮ್ಮ ಖಾಲಿ ಡಬ್ಬಿಗಳನ್ನು ಅಟ್ಟದ ಮೇಲೆ ಬಾಯಿ ಹೊರಗೆ ಮಾಡಿ ಜೋಡಿಸುತ್ತಿದ್ದಳು, ಬಂದವರೆಲ್ಲ ನೋಡಲಿ ಎಂದು. "ನೋಡ್ರೀ, ಒಂದು ಕಾಳೂ ಉಳಿದಿಲ್ಲ!" ಅವಳ ಆಯುಸ್ಸಿನಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದೇ. ಬರಿದಾದ ಪಾತ್ರೆಯನ್ನು ನೋಡಿ ಹಿಗ್ಗುವುದನ್ನು ಕಲಿತವಳಿಗೆ, ಬರಿದು ಮಾಡಿದ್ದು ಯಾರ ಬಾಯಿ ಎಂದು ಕೇಳಬೇಕೆನ್ನಿಸಲೇ ಇಲ್ಲ.

ನರ್ಸಮ್ಮ ಮಾತ್ರ ಹಿಗ್ಗಲಿಲ್ಲ. ತಿಂಗಳು ಕಳೆದ ಮೇಲೆ ಬಂದವಳು ಡಬ್ಬಿಗಳ ಸಾಲನ್ನೂ ತನ್ನ ಕೈಯ ಪಟ್ಟಿಯನ್ನೂ ಮರಳಿ ಮರಳಿ ನೋಡಿದಳು.

"ತೋಳು ಹಾಗೇ ಇವೆ ಸೌಟಮ್ಮ. ಕೆಂಪಲ್ಲಿದ್ದೋರು ಕೆಂಪಲ್ಲೇ ಇದ್ದಾರೆ. ನಿಮ್ಮ ಮಗಳೂ ಅಷ್ಟೇ. ನಿನ್ನೆ ನೀರಿನ ಕೊಡ ಎತ್ತೋವಾಗ ಕಣ್ಣು ಕತ್ತಲೆ ಬಂದು ಅಲ್ಲೇ ಕೂತುಬಿಟ್ಲು."

ಸೌಟಮ್ಮ ಒರೆಸುತ್ತಿದ್ದ ಡಬ್ಬಿಯನ್ನು ಕೆಳಗಿಟ್ಟಳು. ಮಾತು ಮಾತ್ರ ಬಿಗುವಾಗಿಯೇ ಬಂತು. "ನನ್ನ ಉಂಡೆ ತಿಂದೂ ತೋಳು ತುಂಬಲಿಲ್ಲ ಅಂದ್ರೆ ನಿಮ್ಮ ಪಟ್ಟಿ ಸರಿ ಇಲ್ಲ."

ಆದರೂ ಮನಸ್ಸು ತಡೆಯಲಿಲ್ಲ. ರಜೆಯ ದಿನ ಹೊಸ ಡಬ್ಬಿ ಹಿಡಿದು ಮಗಳ ಮನೆಗೆ ಹೋದಳು. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ, ಕಿಟಕಿಯ ಕೆಳಗೆ ಹಳೆಯ ಹಗ್ಗದಲ್ಲಿ ಹೆಣೆದ ಮಂಚ. ಬೀಗಿತಿ, ಅಂದರೆ ಮಗಳ ಅತ್ತೆ, ಹೊಸ್ತಿಲ ಹತ್ತಿರ ಚಹಾದ ಲೋಟ ಹಿಡಿದು ಕೂತಿದ್ದಳು. ಬಾಯಲ್ಲಿ ಹಲ್ಲಿಲ್ಲದ ಮುದುಕಿ. ಡಬ್ಬಿ ಕಂಡದ್ದೇ ಮುಖ ಅರಳಿತು.

"ಬನ್ನಿ ಬೀಗಿತಿ, ನಿಮಗೆ ನೂರು ವರ್ಷ ಆಯುಸ್ಸು! ನಿಮ್ಮ ಉಂಡೆ ಅದ್ದದೆ ಈಗ ನಂಗೆ ಚಹಾ ಗಂಟಲಲ್ಲಿ ಇಳಿಯೋದೇ ಇಲ್ಲ ನೋಡಿ."

ಅಳಿಯ ಒಳಗಿನಿಂದಲೇ ಕೂಗಿದ. "ಅತ್ತೆ, ಹಗ್ಗ ಹೊಸೆಯೋ ಸಾಲಲ್ಲಿ ನಿಮ್ಮದೇ ಮಾತು. ನಾನು ಜೇಬಲ್ಲಿ ಎರಡು ಹಾಕ್ಕೊಂಡು ಹೋದ್ರೆ ಹತ್ತು ಕೈ ಮುಂದೆ ಬರ್ತವೆ. ನಮ್ಮತ್ತೆ ಕೈ ಅಂದ್ರೆ ಕೈ!"

ಹಿರಿಯ ಮೊಮ್ಮಗಳು ಓಡಿ ಬಂದು ಅಜ್ಜಿಯ ಕಾಲಿಗೆ ತೆಕ್ಕೆ ಬಿದ್ದು, ಡಬ್ಬಿಯ ಮುಚ್ಚಳ ಕೀಳಿಸಿ, ಎರಡೂ ಕೈಗೆ ಒಂದೊಂದು ಹಿಡಿದು ಓಡಿದಳು. ಮಗಳು ಮಂಚದ ಮೇಲೆ ಕೂತು ಕೂಸಿಗೆ ಹಾಲೂಡಿಸುತ್ತಿದ್ದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಹಳೆಯ ಡಬ್ಬಿ. ಮಾತಾಡುತ್ತಾ ಬೆರಳು ಒದ್ದೆ ಮಾಡಿಕೊಂಡು, ತಳಕ್ಕೆ ಒತ್ತಿ, ಅಂಟಿದ ನುಚ್ಚನ್ನು ನೆಕ್ಕಿಕೊಂಡಳು.

ಡಬ್ಬಿಗಳು ಅಷ್ಟು ಚೊಕ್ಕಟವಾಗಿ ಬರುತ್ತಿದ್ದದ್ದು ಹೇಗೆಂದು ಸೌಟಮ್ಮನಿಗೆ ಆಗ ತಿಳಿಯಿತು.

ಬೈಯಲು ಬಾಯಿ ತೆರೆದಳು. ಯಾರನ್ನು ಬೈಯುವುದು? ಹಸಿದು ಬಂದ ಅಳಿಯನನ್ನೋ, ಮುದುಕಿಯನ್ನೋ, ಮಗುವನ್ನೋ? ಎಲ್ಲರೂ ತಿಂದದ್ದು ಅವಳ ಕೈರುಚಿಯನ್ನೇ. ಮಗಳನ್ನು ಮಾತ್ರ ಬಾಗಿಲಾಚೆ ಕರೆದು ಕೇಳಿದಳು.

"ನಿಂದು ಅಂತ ಕೊಟ್ಟಿದ್ದನ್ನ ಎಲ್ಲರಿಗೂ ಹಂಚಿ ಕೂತಿದೀಯಲ್ಲೇ, ನಿಂಗೆ ಬುದ್ಧಿ ಬೇಡ್ವಾ?"

"ಕೈ ಚಾಚಿಕೊಂಡು ಬಂದ ಮಗೂಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ ಕಣಮ್ಮಾ. ನೀನಾದ್ರೆ ಅಂತಿದ್ಯಾ? ಅದೂ ಅಷ್ಟು ರುಚಿಯಾಗಿ ಮಾಡ್ತೀಯ. ಸ್ವಲ್ಪ ಕೆಟ್ಟದಾಗಿ ಮಾಡಿದ್ರೆ ನಂಗೂ ಉಳೀತಿತ್ತೇನೋ." ಮಗಳು ನಕ್ಕಳು. ತಮಾಷೆಗೆ ಅಂದ ಮಾತು.

ಸೌಟಮ್ಮ ನಗಲಿಲ್ಲ. ಉಳಿದ ಬಾಣಂತಿಯರ ಮನೆಗಳಿಗೂ ಹೋಗಿ ಬಂದಳು. ಎಲ್ಲ ಕಡೆ ಅದೇ ಹಾಡು. ಮರುದಿನ ನರ್ಸಮ್ಮ, ಎಲ್ಲರೂ ಕೇಂದ್ರಕ್ಕೆ ಬಂದು ತನ್ನ ಕಣ್ಣೆದುರು ತಿಂದು ಹೋಗಲಿ ಎಂದಳು. ಹಸಿಮೈಯ ಹೆಂಗಸರು ಕೂಸು ಕಟ್ಟಿಕೊಂಡು ದಿನಾ ಅಷ್ಟು ದೂರ ಬರುವುದಾದರೂ ಹೇಗೆ? ಆ ಮಾತು ಅಲ್ಲಿಗೇ ನಿಂತಿತು.

"ಇಲ್ಲ ಅನ್ನೋಕೆ ತಾಯಿಗೆ ಬಾಯಿ ಬರಲ್ಲ ನರ್ಸಮ್ಮ," ಎಂದಳು ಸೌಟಮ್ಮ. "ಅವಳ ಪರವಾಗಿ ಆ ಉಂಡೇನೇ ಇಲ್ಲ ಅಂತ ಹೇಳ್ಬೇಕು. ಮೆಂತ್ಯ ತಿಂದ್ರೆ ಅವರಿಗೇನಾದ್ರೂ ತೊಂದ್ರೆ ಇದೆಯಾ?"

ನರ್ಸಮ್ಮ ಕೇಂದ್ರದ ಡಾಕ್ಟರನ್ನು ಕೇಳಿಕೊಂಡು ಬಂದು, ಇಷ್ಟಕ್ಕಿಂತ ಹೆಚ್ಚು ಬೇಡ ಎಂದು ಅಳತೆಯ ಚಮಚವೊಂದನ್ನು ಕೊಟ್ಟಳು. ಸೌಟಮ್ಮ ಮೆಂತ್ಯವನ್ನು ಕಪ್ಪಗಾಗುವ ತನಕ ಹುರಿದಳು. ಯಾವ ಅಡುಗೆಯವಳೂ ಹಾಗೆ ಹುರಿಯುವುದಿಲ್ಲ. ಕಹಿ ಏರಲಿ ಎಂದೇ ಹುರಿದಳು. ನುಣ್ಣಗೆ ಬೀಸಿ ಬಟ್ಟೆಯಲ್ಲಿ ಸೋಸಿದಳು. ಒಳಗಿನ ಹೂರಣ ಮೊದಲಿನದೇ, ಅದೇ ಬೀಜ, ಅದೇ ಪಾಕ, ಅದೇ ಪುಡಿ. ಉಂಡೆಯನ್ನು ಮಾತ್ರ ನೆಲ್ಲಿಕಾಯಿಯಷ್ಟು ಚಿಕ್ಕದು ಮಾಡಿ, ಆ ಕಪ್ಪು ಪುಡಿಯಲ್ಲಿ ಹೊರಳಿಸಿದಳು. ಅಂಚು ಕಚ್ಚಿದವನಿಗೆ, ಮೇಲೆ ನೆಕ್ಕಿದವನಿಗೆ ಬರೀ ಕಹಿ ಸಿಗುತ್ತದೆ. ಇಡಿಯಾಗಿ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿಕೊಂಡಾದರೂ ಅಗಿದವಳಿಗೆ ಮಾತ್ರ ಒಳಗಿನ ಸಿಹಿ.

ಬೇಕೆಂದೇ ಕೆಟ್ಟದ್ದನ್ನು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಗೋಡೆಗೆ ತೂಗಿದ ವಾರೆ ಸೌಟಿನ ಕಡೆ ನೋಡಿ, "ಕ್ಷಮಿಸಮ್ಮಾ, ಇವತ್ತೊಂದು ದಿನ ಮೂಗು ಮುಚ್ಕೋ," ಎಂದಳು.

ಬಾಣಂತಿಯರಿಗೆಲ್ಲ ಗುಟ್ಟು ಹೇಳಿದ್ದಾಯಿತು. ಇಡಿಯಾಗಿ ಹಾಕಿಕೊಳ್ಳಿ, ಅಗಿಯಿರಿ, ಮನೆಯವರ ಮುಂದೆ ನಗಬೇಡಿ. ಆ ಹುಡುಗಿಯರು ನಾಟಕದವರನ್ನೂ ಮೀರಿಸಿದರು. ನಲ್ಲಿಯ ಹತ್ತಿರ ನಿಂತು, "ಅಯ್ಯೋ, ಇವತ್ತಿಂದು ನಿನ್ನೆಗಿಂತ ಕಹಿ ಕಣೇ," ಎಂದು ಒಬ್ಬಳು ನರಳಿದರೆ, "ಕೂಸಿನ ಮುಖ ನೋಡಿ ನುಂಗ್ತೀನಪ್ಪಾ," ಎಂದು ಇನ್ನೊಬ್ಬಳು ನಿಟ್ಟುಸಿರು ಬಿಡುತ್ತಿದ್ದಳು.

ಅಳಿಯ ಏನೂ ತಿಳಿಯದೆ ಜೇಬಿಗೆ ಹಾಕಿಕೊಂಡು ಹೋಗಿ, ಎಲ್ಲರ ಮುಂದೆ ಜಂಬದಿಂದ ಕಚ್ಚಿದ. ಥೂ ಎಂದು ಉಗಿದವನು ನೀರಿಗೆ ಓಡಿದ. ಸಂಜೆ ಕ್ಯಾಂಟೀನಿನ ಬಾಗಿಲಲ್ಲಿ ಬಂದು ನಿಂತ.

"ಅತ್ತೆ, ಏನಾಯ್ತು ನಿಮಗೆ? ಕಣ್ಣು ಮಂಜಾಗಿ ಬೆಲ್ಲದ ಬದ್ಲು ಬೇರೆ ಏನಾದ್ರೂ ಹಾಕಿದ್ರಾ?"

"ಹಾಲು ಕೊಡೋರಿಗೆ ಮಾಡಿದ್ದು ಅದು. ನೀನು ಕೊಡ್ತೀಯಾ?"

ಸುತ್ತ ಇದ್ದವರು ಹೋ ಎಂದು ನಕ್ಕರು. ಆದರೆ ಆ ನಗು ಅಲ್ಲಿಗೆ ಮುಗಿಯಲಿಲ್ಲ. ಸೌಟಮ್ಮನ ನಾಲಿಗೆ ಸತ್ತಿದೆಯಂತೆ, ಕೈ ಕೆಟ್ಟಿದೆಯಂತೆ ಎಂಬ ಮಾತು ಹೊಸೆಯುವ ಸಾಲಿನಿಂದ ಗೋದಾಮಿಗೆ, ಗೋದಾಮಿನಿಂದ ಗೇಟಿಗೆ ಹಬ್ಬಿತು. ಒಮ್ಮೆ ಹಾಗೆಂದ ಮೇಲೆ ಕೇಳಬೇಕೇ? ನಿನ್ನೆಯ ತನಕ ಬೆರಳು ಚೀಪಿದ ಸಾರಿನಲ್ಲೇ ಜನಕ್ಕೆ ಕಹಿ ಸಿಗತೊಡಗಿತು. "ಸ್ವಲ್ಪ ಒಂಥರಾ ಇದೆ ಅಲ್ವಾ?" ಎಂದು ಒಬ್ಬ ಮೂಸಿದರೆ, ಪಕ್ಕದವನು, "ನಂಗೂ ಹಾಗೇ ಅನ್ನಿಸ್ತು" ಎನ್ನುತ್ತಿದ್ದ. ತಟ್ಟೆಗಳಲ್ಲಿ ತುತ್ತು ಉಳಿಯತೊಡಗಿತು. ತೊಟ್ಟಿಯ ಪಕ್ಕ ನಿಂತು ಸೌಟಮ್ಮ ಅದನ್ನು ನೋಡುತ್ತಿದ್ದಳು. ಮೊದಲಿನಂತೆ ಬೈಯುತ್ತಿರಲಿಲ್ಲ. ಬೈದರೆ ಯಾರಾದರೂ ಉಂಡೆಯ ಮಾತು ಎತ್ತುತ್ತಿದ್ದರು, ಎತ್ತಿದರೆ ತನ್ನ ಬಾಯಿಂದ ನಿಜ ಜಾರಿಬಿಡುತ್ತದೆಂದು ಅವಳಿಗೆ ಭಯ. ಉಳಿದ ತುತ್ತನ್ನು ತಾನೇ ಬಳಿದು ಬಾಯಿಗೆ ಹಾಕಿ ನೋಡುತ್ತಿದ್ದಳು. ರುಚಿ ಸರಿಯಾಗಿಯೇ ಇರುತ್ತಿತ್ತು.

ಗುಟ್ಟು ಒಡೆದದ್ದು ಒಂದೇ ಕಡೆ. ಬೀಗಿತಿ ಮೊದಲ ದಿನ ಚಹಾದಲ್ಲಿ ಉಂಡೆ ಅದ್ದಿ, ಚಹಾ ಪೂರ್ತಿ ಕಹಿಯಾಗಿ, ಲೋಟವನ್ನೇ ಚರಂಡಿಗೆ ಸುರಿದಿದ್ದಳು. ಆದರೆ ಚಪಲ ಬಿಡಬೇಕಲ್ಲ. ಒಂದು ಮಧ್ಯಾಹ್ನ ಸೊಸೆ ನಿದ್ದೆ ಹೋಗಿದ್ದಾಗ ಡಬ್ಬಿಗೆ ಕೈ ಹಾಕಿದಳು. ಕಚ್ಚೋಣವೆಂದರೆ ಹಲ್ಲಿಲ್ಲ. ಇಡಿಯಾಗಿಯೇ ಬಾಯಿಗೆ ಹಾಕಿಕೊಂಡು, ಕಣ್ಣು ಕಿವುಚಿ, ಒಸಡಿನಲ್ಲಿ ಒತ್ತಿದಳು. ಒತ್ತುತ್ತಾ ಒತ್ತುತ್ತಾ ಕಣ್ಣು ಅಗಲವಾದವು.

ಅಷ್ಟು ಹೊತ್ತಿಗೆ ಸರಿಯಾಗಿ ಸೌಟಮ್ಮ ಬಾಗಿಲಲ್ಲಿ ನಿಂತಿದ್ದಳು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಇವಳು ಈಗ ಬಾಯಿಬಿಟ್ಟರೆ ಅಷ್ಟೂ ದಿನದ ಕಹಿ ನೀರುಪಾಲು ಎಂದು ಸೌಟಮ್ಮ ಉಸಿರು ಬಿಗಿಹಿಡಿದಳು. ಬೀಗಿತಿ ನಿಧಾನವಾಗಿ ನುಂಗಿದಳು. ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿ, ಸೊಸೆಯ ತಲೆದಿಂಬಿನ ಹತ್ತಿರ ಸರಿಸಿಟ್ಟಳು.

"ನಾನು ಹಾಲೂಡಿಸೋ ಕಾಲಕ್ಕೆ ನಂಗೋಸ್ಕರ ಇಂಥ ಕಹಿ ಯಾರೂ ಮಾಡ್ಲಿಲ್ಲ ಕಣ್ರೀ," ಎಂದಳು, ಪಿಸುಮಾತಿನಲ್ಲಿ. ಆಮೇಲೆ, ಅಂಗಳದಲ್ಲಿ ಮಗನ ಹೆಜ್ಜೆ ಸಪ್ಪಳ ಕೇಳಿ, ದನಿ ಎತ್ತರಿಸಿದಳು. "ಥೂ ಥೂ, ಏನು ಮಾಡಿದೀರಿ ಬೀಗಿತಿ ಇದನ್ನ! ವಿಷ, ಶುದ್ಧ ವಿಷ! ನನ್ನ ಸೊಸೆ ಗಟ್ಟಿಗಿತ್ತಿ, ಅದಕ್ಕೇ ತಿಂತಾಳೆ."

ಆವತ್ತಿನಿಂದ ಆ ಮನೆಯ ಡಬ್ಬಿಗೆ ಅವಳೇ ಕಾವಲು.

ದಿನಗಳು ಕಳೆದವು. ಡಬ್ಬಿಗಳು ಈಗ ನೆಕ್ಕಿದ ಹಾಗೆ ಬರುತ್ತಿರಲಿಲ್ಲ, ತಳದಲ್ಲಿ ಕಪ್ಪು ಪುಡಿ ಉಳಿದಿರುತ್ತಿತ್ತು. ಅವನ್ನು ಸೌಟಮ್ಮ ಯಾರಿಗೂ ತೋರಿಸದೆ ತೊಳೆದಿಡುತ್ತಿದ್ದಳು. ನರ್ಸಮ್ಮನ ಪಟ್ಟಿ ಒಬ್ಬೊಬ್ಬಳ ತೋಳಿನಲ್ಲೂ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಹಸಿರಿನ ಕಡೆ ಸರಿಯುತ್ತಾ ಹೋಯಿತು. ಒಂದು ಬೆಳಿಗ್ಗೆ ಸೌಟಮ್ಮ ಹೋದಾಗ ಮಗಳು ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಹಿರಿಯ ಮಗುವನ್ನು ಎಳೆದುಕೊಂಡು, ಬಾಯಲ್ಲಿ ಅದನ್ನು ಗದರುತ್ತಾ ನಲ್ಲಿಯಿಂದ ಬರುತ್ತಿದ್ದಳು. ಗದರುವಷ್ಟು ಉಸಿರು ಮಗಳಲ್ಲಿ ಉಳಿದದ್ದನ್ನು ಕಂಡು ಸೌಟಮ್ಮನಿಗೆ ಹಬ್ಬವಾಯಿತು. ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಅದೇ ವಾರ ಕಾರ್ಖಾನೆಯ ಹೊಸ ಊಟದ ಕೋಣೆ ಸಿದ್ಧವಾಯಿತು. ಮೊದಲ ದಿನ ಸಾಹೇಬರು, ಕೆಲಸಗಾರರು, ಅವರ ಮನೆಯವರು ಎಲ್ಲರಿಗೂ ಊಟ. ಹಂಡೆಯನ್ನು ಹೊಸ ಒಲೆಗೆ ಏರಿಸಿ ಮೊದಲ ಸೌಟು ತಿರುವುವವರು ಯಾರೆಂದು ಸೌಟಮ್ಮ ಕೇಳಿಯೇ ಇರಲಿಲ್ಲ. ಕೇಳುವ ಮಾತೇ ಅದು? ಕ್ಯಾಂಟೀನಿನ ಮೇಸ್ತ್ರಿ ಬಂದು, ತಲೆ ಕೆರೆದುಕೊಂಡು ನಿಂತ. ಅವನನ್ನೂ ಅನ್ನ ಹಾಕಿ ಬೆಳೆಸಿದ್ದು ಸೌಟಮ್ಮನ ಕೈಯೇ.

"ಸೌಟಮ್ಮ, ತಪ್ಪು ತಿಳ್ಕೋಬೇಡಿ. ಆ ದಿನಕ್ಕೆ ಮಾತ್ರ ಹಂಡೆ ನಿಮ್ಮ ಕೈಕೆಳಗಿನ ಕಿರಿಯವಳಿಗೆ ಬಿಡಿ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ. ಜನ ಏನೇನೋ ಆಡ್ಕೋತಾರೆ, ನಿಮಗೂ ವಯಸ್ಸಾಯ್ತು ನೋಡಿ..."

ಸೌಟಮ್ಮ ಗೋಡೆಯಿಂದ ವಾರೆ ಸೌಟನ್ನು ಇಳಿಸಿ, ಸೆರಗಿನಲ್ಲಿ ಒರೆಸಿ, ತಾನೇ ಕೆಲಸ ಕಲಿಸಿದ್ದ ಕಿರಿಯವಳ ಕೈಗೆ ಕೊಟ್ಟಳು. "ಇದು ಎಡಕ್ಕೆ ಎಳೆಯುತ್ತೆ. ನೀನು ಬಲಕ್ಕೆ ವಾಲಿಸಿ ಹಿಡ್ಕೋ, ಚೆಲ್ಲಲ್ಲ," ಎಂದವಳೇ ಹಿತ್ತಲಿಗೆ ನಡೆದಳು. ಅಲ್ಲಿ ಉಂಡೆಯ ಹಿಟ್ಟು ಆರುತ್ತಿತ್ತು.

ಸುದ್ದಿ ತಿಳಿದ ನರ್ಸಮ್ಮ ಓಡೋಡಿ ಬಂದಳು. ಸೌಟಮ್ಮ ಕಲ್ಲಿನ ಮೇಲೆ ಕೂತು ಉಂಡೆಗಳನ್ನು ಕಪ್ಪು ಪುಡಿಯಲ್ಲಿ ಹೊರಳಿಸುತ್ತಿದ್ದಳು. ಕಣ್ಣು ಕೆಂಪಾಗಿದ್ದವು. ಮೆಂತ್ಯದ ಪುಡಿ ಕಣ್ಣಿಗೆ ಬಿತ್ತು ಎಂದಳು.

"ಇದು ಅನ್ಯಾಯ ಸೌಟಮ್ಮ. ನಾನೀಗ್ಲೇ ಮೇಸ್ತ್ರಿ ಹತ್ರ ಹೋಗ್ತೀನಿ. ಒಂದು ಉಂಡೆ ಇಡಿಯಾಗಿ ಅವನ ಬಾಯಿಗೆ ಹಾಕಿ, ಅಗಿ ಅಂತೀನಿ. ನಿಮ್ಮ ಕೈ ಏನು ಅಂತ ಅವನಿಗೆ ಗೊತ್ತಾಗ್ಲಿ. ಸಾಹೇಬರಿಗೂ ಹೇಳ್ತೀನಿ. ನಿಮ್ಮ ಹಂಡೆ ನಿಮಗೆ ವಾಪಸ್ ಕೊಡಿಸ್ತೀನಿ."

ಸೌಟಮ್ಮ ಕೈಯಲ್ಲಿದ್ದ ಉಂಡೆಯನ್ನು ಇನ್ನೊಂದು ಸುತ್ತು ಹೊರಳಿಸಿ ಬುಟ್ಟಿಗೆ ಹಾಕಿದಳು. ಎದ್ದು ಮೊಣಕಾಲು ಕೊಡವಿಕೊಂಡಳು.

"ಬೇಡ ತಾಯಿ. ನೀವು ಅವನೊಬ್ಬನ ಬಾಯಿ ಸಿಹಿ ಮಾಡಿದ್ರೆ ಸಂಜೆ ಒಳಗೆ ಕಾರ್ಖಾನೆಗೆಲ್ಲ ಗೊತ್ತಾಗುತ್ತೆ. ನಾಳೆ ಬೆಳಿಗ್ಗೆ ಅಷ್ಟೂ ಮನೇಲಿ ಡಬ್ಬಿಗೆ ಕೈ ಬೀಳುತ್ತೆ. ನನ್ನ ಮಗಳು ಮತ್ತೆ ತಳ ನೆಕ್ಕಬೇಕಾ? ನಮ್ಮ ಮುತ್ತಜ್ಜಿ ಆ ಹಂಡೇನ ನೀರಿಗಿಳಿಸಿದ್ದು ಹಂಡೆ ಉಳಿಸ್ಕೊಳ್ಳೋಕಲ್ಲ, ಒಳಗಿದ್ದ ಮಕ್ಕಳನ್ನ ದಾಟಿಸೋಕೆ. ಸೌಟಮ್ಮನ ಕೈ ಕೆಟ್ಟೋಯ್ತು ಅಂತಾರಾ, ಅನ್ನಲಿ ಬಿಡಿ, ಇನ್ನೂ ನಾಲ್ಕು ಜನಕ್ಕೆ ಹೇಳಲಿ. ನೀವು ಒಂದು ಮಾತೂ ಆಡಬೇಡಿ, ನನ್ನಾಣೆ. ಅಯ್ಯೋ, ಆ ಬುಟ್ಟಿ ಯಾಕೆ ಎತ್ತುತ್ತೀರಿ? ಕೆಳಗಿಡಿ, ಕೆಳಗಿಡಿ. ನಾನೇ ಹೊತ್ಕೊಂಡು ಹೋಗ್ತೀನಿ. ಅಷ್ಟಕ್ಕೆಲ್ಲ ನಂಗೆ ಯಾರೂ ಬೇಡ."